ವಾಟರ್‌ಲೂ ಬಡಾವಣೆಯಲ್ಲಿ ಸಂಸಾರ ಹೂಡುವ ಬಗೆ

ಕೆನಡಾಕ್ಕೆ ಹೊರಟು ನಿಂತವರು ಮೊದಲು ಕೇಳುವುದು ಚಳಿಯ ಬಗ್ಗೆ, ಆಮೇಲೆ ಬಾಡಿಗೆಯ ಬಗ್ಗೆ. ಇವೆರಡಕ್ಕೂ ಮುಂಚೆ ಇನ್ನೊಂದನ್ನು ಕೇಳಿಕೊಳ್ಳಿ ಎಂದು ನಾನು ಹೇಳುತ್ತೇನೆ: ಆ ಮನೆಯಿಂದ ನಮ್ಮ ಮಗು ನಡೆದುಕೊಂಡೇ ಎಲ್ಲೆಲ್ಲಿಗೆ ಹೋಗಬಹುದು? ನಾಳೆ ಊರಿಂದ ಅಪ್ಪ ಅಮ್ಮ ಬಂದರೆ, ನಾವು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅವರಿಬ್ಬರೇ ಎಲ್ಲಿಯವರೆಗೆ ಹೋಗಿ ಬರಬಹುದು? ಇಲ್ಲಿನ ಬಡಾವಣೆಗಳು ಕಾರು ಇದ್ದವರಿಗೆಂದು ಕಟ್ಟಿದವು. ಮನೆಗಳು ಚೆನ್ನ, ಬೀದಿ ನಿಶ್ಶಬ್ದ, ಹುಲ್ಲು ಹಸಿರು. ಕಾರು ಓಡಿಸಲಾರದವರು ಮಾತ್ರ ಮನೆಯಲ್ಲೇ ಉಳಿದುಬಿಡುತ್ತಾರೆ. ಮಕ್ಕಳು, ಮುದುಕರು, ಇನ್ನೂ ಲೈಸೆನ್ಸ್ ಸಿಗದ ಹೆಂಡತಿ ಅಥವಾ ಗಂಡ, ಹೀಗೆ ಎಷ್ಟೋ ಮಂದಿ. ಮುಂದಿನ ಹಂತಗಳನ್ನೆಲ್ಲ ಆ ಮಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಉದಾಹರಣೆಗೆ ತೆಗೆದುಕೊಂಡಿರುವುದು ಒಂಟಾರಿಯೊ ಪ್ರಾಂತದ ವಾಟರ್‌ಲೂ. ಟೊರೊಂಟೊದಿಂದ ಪಶ್ಚಿಮಕ್ಕೆ ಸುಮಾರು 110 ಕಿಲೋಮೀಟರ್. 2021ರ ಜನಗಣತಿಯಂತೆ ನಗರದ ಜನಸಂಖ್ಯೆ 1,21,436. ಅದಕ್ಕೆ ಅಂಟಿಕೊಂಡೇ ಇರುವ ಕಿಚನರ್, ದಕ್ಷಿಣದ ಕೇಂಬ್ರಿಡ್ಜ್, ಸುತ್ತಲ ಹಳ್ಳಿಗಳು ಎಲ್ಲ ಸೇರಿದ ವಾಟರ್‌ಲೂ ರೀಜನ್‌ನಲ್ಲಿ 5,87,165 ಜನ. 1957ರಲ್ಲಿ ಶುರುವಾದ ವಾಟರ್‌ಲೂ ವಿಶ್ವವಿದ್ಯಾಲಯ, ಅದರ ಬೆನ್ನಿಗೆ ಬೆಳೆದ ಸಾಫ್ಟ್‌ವೇರ್ ಕಂಪನಿಗಳು, ಇವುಗಳಿಂದಾಗಿ ಬೆಂಗಳೂರು, ಮೈಸೂರಿನ ಕಡೆಯವರಿಗೆ ಈ ಊರು ಅಪರಿಚಿತವಲ್ಲ.

ಹಂತ 1: ಬಡಾವಣೆಗಳ ಸ್ವಭಾವ ತಿಳಿಯಿರಿ

ನಗರದ ಪಶ್ಚಿಮಕ್ಕೆ ಲಾರೆಲ್‌ವುಡ್, ಕೊಲಂಬಿಯಾ ಫಾರೆಸ್ಟ್, ವಿಸ್ಟಾ ಹಿಲ್ಸ್. ಒಳಗಡೆಗೆ ಬಂದರೆ ಹಳೆಯ ಬೀಚ್‌ವುಡ್. ಪೂರ್ವಕ್ಕೆ ಈಸ್ಟ್‌ಬ್ರಿಡ್ಜ್, ಲೆಕ್ಸಿಂಗ್ಟನ್. ಕಿಚನರ್ ಕಡೆ ನೋಡುವುದಾದರೆ ದಕ್ಷಿಣದ ಡೂನ್ ಸೌತ್, ಹ್ಯೂರನ್ ಪಾರ್ಕ್.

ಹಳೆಯ ಬಡಾವಣೆಯಲ್ಲಿ ಮರಗಳು ದೊಡ್ಡವು, ಹಿತ್ತಲು ಅಗಲ, ಮನೆಯೊಳಗಿನ ಸೌಕರ್ಯ ಹಳತು. ಬೀಚ್‌ವುಡ್‌ನಲ್ಲಿ ಅಲ್ಲಲ್ಲಿಯ ನಿವಾಸಿಗಳ ಸಂಘಕ್ಕೇ ಸೇರಿದ ಈಜುಕೊಳ, ಟೆನಿಸ್ ಅಂಕಣಗಳುಂಟು. ಹೊಸ ಬಡಾವಣೆಯಲ್ಲಿ ಮನೆ ಬೆಚ್ಚಗೆ, ಅಡುಗೆಮನೆ ದೊಡ್ಡದು, ಗೋಡೆಗೆ ಗೋಡೆ ಹತ್ತಿರ. ಮರಗಳು ಇನ್ನೂ ಕೋಲಿಗೆ ಕಟ್ಟಿದ ಸಸಿಗಳು. ಅಂಗಡಿ, ಶಾಲೆ, ಬಸ್ಸು ಆಮೇಲೆ ಬರುತ್ತವೆ, ಒಮ್ಮೊಮ್ಮೆ ವರ್ಷಗಟ್ಟಲೆ ಆಮೇಲೆ. ಚಿಕ್ಕ ಮಕ್ಕಳಿರುವ, ಒಂದೇ ಕಾರಿನ ಸಂಸಾರಕ್ಕೆ ಹೊಚ್ಚಹೊಸ ಬಡಾವಣೆಯ ಅಂಚಿನ ಮನೆಯನ್ನು ನಾನು ಹೇಳುವುದಿಲ್ಲ. ಹತ್ತಿಪ್ಪತ್ತು ವರ್ಷ ಹಳೆಯದಾದ, ಶಾಲೆ ಆಗಲೇ ಎದ್ದು ನಿಂತಿರುವ ಬಡಾವಣೆ ಮೇಲು.

ಹಂತ 2: ಮನೆ ನೋಡುವ ಮುಂಚೆ ಬೀದಿಯಲ್ಲಿ ನಡೆಯಿರಿ

ಜಾಹೀರಾತಿನಲ್ಲಿ ‘ಶಾಲೆಗೆ ಐದು ನಿಮಿಷ’ ಎಂದಿದ್ದರೆ ಅದು ಕಾರಿನ ಐದು ನಿಮಿಷ. ಬಡಾವಣೆಯ ಬೀದಿಗಳು ಬಳಸಿ ಬಳಸಿ ಸಾಗುತ್ತವೆ, ಎಷ್ಟೋ ಕಡೆ ಮುಂದೆ ದಾರಿಯೇ ಇರುವುದಿಲ್ಲ. ನಕ್ಷೆಯಲ್ಲಿ ಬೆನ್ನಿಗೆ ಬೆನ್ನು ತಾಗಿಕೊಂಡಂತೆ ಕಾಣುವ ಎರಡು ಮನೆಗಳ ನಡುವೆ ನಡೆಯಲು ಅರ್ಧ ಮೈಲಿ ಸುತ್ತು ಬೀಳಬಹುದು. ಆದ್ದರಿಂದ ಮನೆಯ ಒಳಗೆ ಕಾಲಿಡುವ ಮುಂಚೆ ಹೊರಗೆ ನಡೆದು ನೋಡಿ.

ಮನೆಯಿಂದ ಶಾಲೆಯ ಗೇಟಿನವರೆಗೆ ಮಗುವಿನ ಹೆಜ್ಜೆಯ ವೇಗದಲ್ಲಿ ಹೋಗಿ. ದಾರಿಯುದ್ದಕ್ಕೂ ಫುಟ್‌ಪಾತ್ ಇದೆಯೇ, ಫಿಷರ್-ಹಾಲ್ಮನ್, ಅರ್ಬ್ ಅಥವಾ ಕೊಲಂಬಿಯಾದಂಥ ದೊಡ್ಡ ರಸ್ತೆಯನ್ನು ದಾಟಬೇಕೇ, ದಾಟುವಲ್ಲಿ ಸಿಗ್ನಲ್ ಇದೆಯೇ, ಮಕ್ಕಳನ್ನು ದಾಟಿಸುವ ಕಾವಲಿನವರು ನಿಲ್ಲುತ್ತಾರೆಯೇ ನೋಡಿ. ಮನೆಗಳ ಸಂದಿಯಲ್ಲಿ ಹಾದು ಪಾರ್ಕಿಗೋ ಕಾಡಿನ ತುಣುಕಿಗೋ ತೆರೆದುಕೊಳ್ಳುವ ಕಾಲುದಾರಿಗಳಿರುತ್ತವೆ. ಲಾರೆಲ್‌ವುಡ್‌ನಲ್ಲಿ ಇಂಥವು ಧಾರಾಳ. ಅವೇ ಬಡಾವಣೆಯ ಜೀವ. ಅವು ಇರುವ ಬೀದಿಗೆ ಬಾಡಿಗೆ ತುಸು ಹೆಚ್ಚಾದರೂ ಕೊಡಬಹುದು.

ಆಮೇಲೆ ಬಸ್ ನಿಲ್ದಾಣ. ಇಲ್ಲಿನ ಬಸ್ಸು ಗ್ರ್ಯಾಂಡ್ ರಿವರ್ ಟ್ರಾನ್ಸಿಟ್‌ನದು. ಅದರ ವೇಳಾಪಟ್ಟಿಯಲ್ಲಿ ವಾರದ ದಿನವನ್ನಷ್ಟೇ ನೋಡಬೇಡಿ, ಭಾನುವಾರದ್ದನ್ನೂ ನೋಡಿ. ಭಾನುವಾರ ಬಸ್ಸು ವಿರಳವಾಗಿದ್ದರೆ ಕಾರಿಲ್ಲದವರ ವಾರಾಂತ್ಯ ಮನೆಯೊಳಗೇ ಕಳೆಯುತ್ತದೆ. 2019ರ ಜೂನ್ 21ರಂದು ಶುರುವಾದ ಅಯಾನ್ ರೈಲು ವಾಟರ್‌ಲೂದ ಕೊನೆಸ್ಟೋಗಾ ಮಾಲ್‌ನಿಂದ ಕಿಚನರ್‌ನ ಫೇರ್‌ವ್ಯೂ ಪಾರ್ಕ್‌ವರೆಗೆ 19 ನಿಲ್ದಾಣಗಳಲ್ಲಿ ಓಡುತ್ತದೆ. ಪಶ್ಚಿಮದ ಬಡಾವಣೆಗಳಿಗೆ ರೈಲು ಬರುವುದಿಲ್ಲ. ಆದರೆ ರೈಲಿಗೆ ನೇರವಾಗಿ ಮುಟ್ಟಿಸುವ ಒಂದು ಬಸ್ಸು ನಿಮ್ಮ ಮೂಲೆಯಲ್ಲಿ ನಿಲ್ಲುವಂತಿದ್ದರೆ ಸಾಕು, ಊರೆಲ್ಲ ತೆರೆದುಕೊಳ್ಳುತ್ತದೆ.

ಒಂದು ಲೈಬ್ರರಿಯೂ ನಡಿಗೆಯ ದೂರದಲ್ಲಿ ಸಿಕ್ಕರೆ ಬಿಡಬೇಡಿ. ಫಿಷರ್-ಹಾಲ್ಮನ್ ರಸ್ತೆಯ ಜಾನ್ ಎಂ. ಹಾರ್ಪರ್ ಶಾಖೆ ವೈಎಂಸಿಎ ಜೊತೆ ಒಂದೇ ಕಟ್ಟಡದಲ್ಲಿದೆ. ಪೂರ್ವದವರಿಗೆ ರಿಮ್ ಪಾರ್ಕ್ ಬಳಿ ಈಸ್ಟ್‌ಸೈಡ್ ಶಾಖೆ. ನಗರವಾಸಿಗಳಿಗೆ ಕಾರ್ಡು ಪುಕ್ಕಟೆ. ಜನವರಿಯ ಮಧ್ಯಾಹ್ನ ಬೆಚ್ಚಗೆ ಕೂರಲು, ಮಕ್ಕಳಿಗೆ ಕಥೆ ಕೇಳಲು, ಅಮ್ಮ ಮಗು ನಾಲ್ಕು ಜನರ ಮುಖ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಈ ಊರಲ್ಲಿಲ್ಲ.

ಹಂತ 3: ಶಾಲೆಯ ಗಡಿ ನೋಡದೆ ಕರಾರಿಗೆ ಸಹಿ ಹಾಕಬೇಡಿ

ಸರ್ಕಾರಿ ಶಾಲೆಗಳು ಇಲ್ಲಿ ಚೆನ್ನಾಗಿವೆ, ಶುಲ್ಕವಿಲ್ಲ, ಬಹುಪಾಲು ಮಕ್ಕಳು ಓದುವುದು ಅಲ್ಲೇ. ಇಂಗ್ಲಿಷ್ ಸಾರ್ವಜನಿಕ, ಇಂಗ್ಲಿಷ್ ಕ್ಯಾಥೊಲಿಕ್, ಫ್ರೆಂಚ್ ಸಾರ್ವಜನಿಕ, ಫ್ರೆಂಚ್ ಕ್ಯಾಥೊಲಿಕ್ ಎಂದು ಸರ್ಕಾರದ ಹಣದಲ್ಲೇ ನಡೆಯುವ ನಾಲ್ಕು ವ್ಯವಸ್ಥೆಗಳಿವೆ. ಹೆಚ್ಚಿನ ಕನ್ನಡ ಮನೆಗಳ ಮಕ್ಕಳು ಹೋಗುವುದು ವಾಟರ್‌ಲೂ ರೀಜನ್ ಡಿಸ್ಟ್ರಿಕ್ಟ್ ಸ್ಕೂಲ್ ಬೋರ್ಡಿನ ಶಾಲೆಗಳಿಗೆ.

ಯಾವ ಶಾಲೆ ಎಂಬುದನ್ನು ತೀರ್ಮಾನಿಸುವುದು ನಿಮ್ಮ ವಿಳಾಸ. ಬೋರ್ಡಿನ ಜಾಲತಾಣದಲ್ಲಿ ವಿಳಾಸ ಹಾಕಿದರೆ ಶಾಲೆಯ ಹೆಸರು ಬರುತ್ತದೆ. ಎದುರಿಗೇ ಶಾಲೆ ಕಂಡರೂ ನಿಮ್ಮ ಬೀದಿ ಇನ್ನೊಂದು ಶಾಲೆಯ ಗಡಿಯಲ್ಲಿರಬಹುದು. ಹೊಸ ಬಡಾವಣೆಗಳಲ್ಲಂತೂ ಶಾಲೆ ತುಂಬಿದೆ ಎಂದು ಮಕ್ಕಳನ್ನು ತಾತ್ಕಾಲಿಕವಾಗಿ ದೂರದ ಶಾಲೆಗೆ ಬಸ್ಸಿನಲ್ಲಿ ಕಳಿಸುವುದುಂಟು. ಮನೆ ತೋರಿಸುವವರ ಮಾತು ನಂಬದೆ ಬೋರ್ಡಿಗೇ ಫೋನ್ ಮಾಡಿ ಕೇಳಿ.

ಮಗುವಿಗೆ ನಾಲ್ಕು ತುಂಬುವ ವರ್ಷದ ಸೆಪ್ಟೆಂಬರಿನಲ್ಲಿ ಜೂನಿಯರ್ ಕಿಂಡರ್‌ಗಾರ್ಟನ್ ಸೇರಬಹುದು. ಲೆಕ್ಕ ಕ್ಯಾಲೆಂಡರ್ ವರ್ಷದ್ದು, ಆದ್ದರಿಂದ ಡಿಸೆಂಬರ್ 31ಕ್ಕೆ ಹುಟ್ಟಿದ ಮಗುವೂ ಅದೇ ತರಗತಿ. ಇಡೀ ದಿನದ ಶಾಲೆ. ಅಲ್ಲಿಯವರೆಗಿನ ಶಿಶುವಿಹಾರಕ್ಕೆ ಕೇಂದ್ರದ ಯೋಜನೆಗೆ ಸೇರಿದ ಕಡೆ 2025ರ ಜನವರಿಯಿಂದ ದಿನಕ್ಕೆ ಹೆಚ್ಚೆಂದರೆ 22 ಡಾಲರ್. ಸರದಿ ಪಟ್ಟಿ ಬಲು ಉದ್ದ, ಊರು ತಲುಪುವ ಮುಂಚೆಯೇ ಹೆಸರು ಬರೆಸಿ.

ಲಸಿಕೆಯ ಕಾಗದ ಮರೆಯಬೇಡಿ. ಕಾನೂನಿನ ಪ್ರಕಾರ ಲಸಿಕೆ ವಿವರವನ್ನು ಪೋಷಕರೇ ಸಾರ್ವಜನಿಕ ಆರೋಗ್ಯ ಇಲಾಖೆಗೆ ಕೊಡಬೇಕು, ವೈದ್ಯರು ಕೊಡುತ್ತಾರೆಂದು ಕೂರುವಂತಿಲ್ಲ. ಕೊಡದಿದ್ದರೆ ಮಗುವನ್ನು ಶಾಲೆಯಿಂದ ಕೆಲವು ದಿನ ಹೊರಗಿಡುವ ಅಧಿಕಾರ ಅವರಿಗಿದೆ. ನಮ್ಮಲ್ಲಿ ಸರ್ಕಾರಿ ಲಸಿಕಾ ಪಟ್ಟಿಯಲ್ಲಿಲ್ಲದ ಸೀತಾಳೆ ಸಿಡುಬಿನ, ಅಂದರೆ ಚಿಕನ್‌ಪಾಕ್ಸ್ ಲಸಿಕೆಯನ್ನು 2010 ಮತ್ತು ಆನಂತರ ಹುಟ್ಟಿದ ಮಕ್ಕಳಿಗೆ ಇಲ್ಲಿ ಕೇಳುತ್ತಾರೆ. ಹೊರಡುವ ಮುಂಚೆ ನಿಮ್ಮ ಮಕ್ಕಳ ವೈದ್ಯರಿಂದ ಎಲ್ಲವನ್ನೂ ದಿನಾಂಕ ಸಮೇತ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ.

ಹಂತ 4: ಬಾಡಿಗೆ ಕರಾರು

ಬೆಂಗಳೂರಿನಲ್ಲಿ ತಿಂಗಳುಗಟ್ಟಲೆಯ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದವರು ಇಲ್ಲಿ ಕೇಳಿದಷ್ಟು ಕೊಟ್ಟುಬಿಡುತ್ತಾರೆ. ಬೇಡ. ಒಂಟಾರಿಯೊ ಕಾನೂನಿನಂತೆ ಮಾಲೀಕರು ಮೊದಲ ತಿಂಗಳ ಬಾಡಿಗೆಯ ಜೊತೆಗೆ ಕೊನೆಯ ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳಬಹುದು, ಅಷ್ಟೇ. ಮನೆ ಹಾಳಾದರೆಂದು ಬೇರೆ ಠೇವಣಿ ಕೇಳುವಂತಿಲ್ಲ. ಮುಂದಿನ ತಾರೀಖಿನ ಚೆಕ್ಕುಗಳನ್ನು ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ.

2018ರ ಏಪ್ರಿಲ್ 30ರಿಂದ ಪ್ರಾಂತದ ನಿಗದಿತ ಕರಾರು ನಮೂನೆಯನ್ನೇ ಬಳಸಬೇಕು, ಅದನ್ನೇ ಕೇಳಿ. ವರ್ಷಕ್ಕೊಮ್ಮೆ ಬಾಡಿಗೆ ಏರಿಸಲು 90 ದಿನಗಳ ಲಿಖಿತ ಸೂಚನೆ ಬೇಕು, ಏರಿಕೆಗೆ ಸರ್ಕಾರದ ಮಿತಿಯಿದೆ. ಆದರೆ 2018ರ ನವೆಂಬರ್ 15ರ ನಂತರ ಮೊದಲ ಬಾರಿಗೆ ಜನ ವಾಸಕ್ಕೆ ಬಂದ ಮನೆಗೆ ಈ ಮಿತಿ ಅನ್ವಯಿಸುವುದಿಲ್ಲ. ಹೊಸ ಬಡಾವಣೆಯ ಹೊಳೆಯುವ ಮನೆ ಹಿಡಿಯುವವರು ಇದನ್ನು ತಿಳಿದೇ ಹಿಡಿಯಬೇಕು.

ಬೇಸ್‌ಮೆಂಟ್ ಮನೆ ಅಗ್ಗ ಎಂದು ಹಲವರು ಅಲ್ಲಿಂದ ಶುರು ಮಾಡುತ್ತಾರೆ, ತಪ್ಪೇನಿಲ್ಲ. ಮಲಗುವ ಕೋಣೆಯ ಕಿಟಕಿಯಿಂದ ಆಪತ್ತಿನಲ್ಲಿ ಒಬ್ಬ ಮನುಷ್ಯ ಹೊರಗೆ ಬರಬಹುದೇ, ಗೋಡೆಯ ಬುಡದಲ್ಲಿ ತೇವದ ಕಲೆ, ಮುಗ್ಗಲು ವಾಸನೆ ಇದೆಯೇ ನೋಡಿ. ವಾಟರ್‌ಲೂ ನಗರದಲ್ಲಿ ಇಂಥ ಮನೆಗಳನ್ನು ಬಾಡಿಗೆಗೆ ಕೊಡಲು 2012ರಿಂದ ಪರವಾನಗಿ ಪದ್ಧತಿಯಿದೆ. ಪರವಾನಗಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಹಿಮ ಎತ್ತುವವರು ಯಾರು, ಹುಲ್ಲು ಕೊಯ್ಯುವವರು ಯಾರು, ವಿದ್ಯುತ್, ಗ್ಯಾಸ್, ನೀರಿನ ಬಿಲ್ಲು ಯಾರದು ಎಂಬುದು ಬರಹದಲ್ಲಿರಲಿ.

ಹಂತ 5: ಮೊದಲ ತಿಂಗಳ ಕಾಗದಪತ್ರ

ಸರ್ವಿಸ್ ಕೆನಡಾ ಕಚೇರಿಯಲ್ಲಿ ಸಿನ್, ಅಂದರೆ ಸೋಶಿಯಲ್ ಇನ್ಶೂರೆನ್ಸ್ ಸಂಖ್ಯೆ. ಸರ್ವಿಸ್ ಒಂಟಾರಿಯೊದಲ್ಲಿ ಓಹಿಪ್ ಆರೋಗ್ಯ ಕಾರ್ಡು. ಓಹಿಪ್‌ಗೆ ಮೊದಲಿದ್ದ ಮೂರು ತಿಂಗಳ ಕಾಯುವಿಕೆಯನ್ನು 2020ರಲ್ಲಿ ತೆಗೆದಿದ್ದಾರೆ, ಆದ್ದರಿಂದ ಅರ್ಹತೆ ಇರುವವರು ಬಂದ ವಾರವೇ ಹೋಗಿ. ಪ್ರಾಂತದ ಹೆಲ್ತ್ ಕೇರ್ ಕನೆಕ್ಟ್ ಎಂಬ ವ್ಯವಸ್ಥೆಯಲ್ಲಿ ಕುಟುಂಬ ವೈದ್ಯರಿಗಾಗಿ ಹೆಸರು ಬರೆಸಿ. ವೈದ್ಯರು ಸಿಗಲು ಬಹಳ ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಜ್ವರ ನೆಗಡಿಗೆ ವಾಕ್-ಇನ್ ಕ್ಲಿನಿಕ್, ಸಲಹೆಗೆ 811, ಪ್ರಾಣದ ಪ್ರಶ್ನೆಯಾದರೆ 911. ದೊಡ್ಡವರ ಹಲ್ಲಿನ ಚಿಕಿತ್ಸೆ ಓಹಿಪ್‌ನಲ್ಲಿ ಬರುವುದಿಲ್ಲ, ಹುಳುಕು ಹಲ್ಲಿದ್ದರೆ ಊರಲ್ಲೇ ಮುಗಿಸಿಕೊಂಡು ಬನ್ನಿ.

ಕೆನಡಾ ಚೈಲ್ಡ್ ಬೆನಿಫಿಟ್ ಎಂಬ ಮಾಸಿಕ ನೆರವು ಮಕ್ಕಳಿರುವ ಸಂಸಾರಕ್ಕೆ ದೊಡ್ಡ ಆಸರೆ. ಕಾಯಂ ನಿವಾಸಿಗಳು ಬಂದ ಕೂಡಲೇ ಅರ್ಜಿ ಹಾಕಬಹುದು. ವರ್ಕ್ ಪರ್ಮಿಟ್ ಮೇಲಿದ್ದವರು 18 ತಿಂಗಳು ಇಲ್ಲಿ ವಾಸವಿರಬೇಕು. ಗಂಡ ಹೆಂಡತಿ ಇಬ್ಬರೂ ಪ್ರತಿ ವರ್ಷ ಏಪ್ರಿಲ್ 30ರೊಳಗೆ ತೆರಿಗೆ ವಿವರ ಸಲ್ಲಿಸಬೇಕು, ಒಬ್ಬರಿಗೆ ಆದಾಯವೇ ಇಲ್ಲದಿದ್ದರೂ. ಇಲ್ಲದಿದ್ದರೆ ನೆರವು ನಿಂತುಹೋಗುತ್ತದೆ.

ಕಾರು ಓಡಿಸುವ ವಿಷಯ. ವಾಸಕ್ಕೆ ಬಂದ ಮೇಲೆ ನಮ್ಮ ಲೈಸೆನ್ಸ್ 60 ದಿನ ಮಾತ್ರ ನಡೆಯುತ್ತದೆ. ಎರಡು ವರ್ಷಕ್ಕಿಂತ ಹೆಚ್ಚಿನ ಅನುಭವಕ್ಕೆ ಅಧಿಕೃತ ಪತ್ರವಿದ್ದರೆ ಬರಹದ ಪರೀಕ್ಷೆ ಮುಗಿಸಿ ನೇರವಾಗಿ ಜಿ ದರ್ಜೆಯ, ಅಂದರೆ ಪೂರ್ಣ ಲೈಸೆನ್ಸಿನ, ರಸ್ತೆ ಪರೀಕ್ಷೆಗೆ ಕೂರಬಹುದು. ಹಾಗಾಗಿ ಆರ್‌ಟಿಒದಿಂದ ಲೈಸೆನ್ಸಿನ ಇತಿಹಾಸ ತಿಳಿಸುವ ದಾಖಲೆಯನ್ನು ಮೊದಲೇ ಪಡೆದಿಟ್ಟುಕೊಳ್ಳಿ. ಮನೆಯಲ್ಲಿ ಇಬ್ಬರಿಗೂ ಲೈಸೆನ್ಸ್ ಆಗಲಿ. ಮನೆಯಲ್ಲಿರುವವರಿಗೆ ಮೊದಲು ಆಗಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮಗುವಿನ ಕಾರ್ ಸೀಟನ್ನು ಊರಿಂದ ಹೊತ್ತು ತರಬೇಡಿ. ಕೆನಡಾದ ಸುರಕ್ಷತಾ ಮುದ್ರೆ ಇರುವುದನ್ನೇ ಇಲ್ಲಿ ಬಳಸಬೇಕು.

ಬೀದಿಯಲ್ಲಿ ಹಳದಿ ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ ನೀವೂ ನಿಲ್ಲಬೇಕು. ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ಮೊದಲ ಸಲ ತಪ್ಪಿದರೇ 400ರಿಂದ 2,000 ಡಾಲರ್ ದಂಡ, 6 ಡಿಮೆರಿಟ್ ಅಂಕ. ಊರಾಚೆಯ ಸೇಂಟ್ ಜೇಕಬ್ಸ್ ಹಳ್ಳಿಯ ಕಡೆಯ ರಸ್ತೆಗಳಲ್ಲಿ ಮೆನೊನೈಟ್ ಎಂಬ ಕ್ರೈಸ್ತ ಪಂಥದ ರೈತರ ಕುದುರೆಗಾಡಿಗಳು ಓಡಾಡುತ್ತವೆ. ದಿಬ್ಬ ಹತ್ತುವಾಗ ನಿಧಾನ.

ಹಂತ 6: ಮನೆಯ ಒಳಗು ಅರ್ಥ ಮಾಡಿಕೊಳ್ಳಿ

ಮೊದಲು ಬಚ್ಚಲು. ಇಲ್ಲಿನ ಬಾತ್‌ರೂಮಿನ ನೆಲದಲ್ಲಿ ನೀರು ಹೋಗುವ ಕಿಂಡಿ ಸಾಮಾನ್ಯವಾಗಿ ಇರುವುದೇ ಇಲ್ಲ. ನೆಲ, ಗೋಡೆ ಎಲ್ಲ ಮರ ಮತ್ತು ಜಿಪ್ಸಮ್ ಹಲಗೆ. ತಂಬಿಗೆಯಲ್ಲಿ ನೀರು ಸುರಿದುಕೊಂಡರೆ ಅದು ಕೆಳಗಿನ ಮನೆಯ ಸೂರಿನಲ್ಲಿ ಇಳಿಯುತ್ತದೆ. ಟಬ್ಬಿನ ಒಳಗೇ ಬಕೆಟ್ ಇಟ್ಟು, ಪರದೆಯ ಅಂಚನ್ನು ಟಬ್ಬಿನ ಒಳಕ್ಕೆ ಹಾಕಿ ಸ್ನಾನ ಮಾಡಬೇಕು. ಊರಿಂದ ಬಂದ ಹಿರಿಯರಿಗೆ ಇದನ್ನು ಮೊದಲ ದಿನವೇ, ಮೃದುವಾಗಿ, ತೋರಿಸಿ ಹೇಳಿ. ಟಬ್ಬಿನ ಅಂಚು ದಾಟಲು ಗೋಡೆಗೆ ಹಿಡಿಕೆ ಹಾಕಿಸಿ.

ಆಮೇಲೆ ಒಗ್ಗರಣೆ. ಪ್ರತಿ ಅಂತಸ್ತಿನಲ್ಲೂ ಹೊಗೆ ಅಲಾರಂ ಇರಬೇಕು, ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕು, ಇದು ಕಾನೂನು. ಮೆಣಸಿನಕಾಯಿ ಸಿಡಿದ ಹೊಗೆಗೆ ಅಲಾರಂ ಹೊಡೆದುಕೊಂಡರೆ ಬ್ಯಾಟರಿ ಕಿತ್ತಿಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲ ಕಿಟಕಿ ಮುಚ್ಚಿ ಗ್ಯಾಸ್ ಫರ್ನೇಸ್ ಉರಿಸುವ ಮನೆ ಇದು. ಬಣ್ಣ ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ನಿದ್ದೆಯಲ್ಲೇ ಕೊಲ್ಲುತ್ತದೆ. ಮನೆ ನೋಡುವಾಗಲೇ ಒಲೆಯ ಮೇಲಿನ ಫ್ಯಾನು ಗಾಳಿಯನ್ನು ಹೊರಕ್ಕೆ ತಳ್ಳುತ್ತದೆಯೋ, ಬರೀ ಅಡುಗೆಮನೆಯಲ್ಲೇ ಸುತ್ತಿಸುತ್ತದೆಯೋ ಕೇಳಿ. ನಮ್ಮ ಅಡುಗೆಗೆ ಹೊರಕ್ಕೆ ತಳ್ಳುವುದೇ ಬೇಕು.

ಈ ಪ್ರದೇಶದ ನೀರು ಬಹುಪಾಲು ಅಂತರ್ಜಲ, ಬಹಳ ಗಡಸು. ಆದ್ದರಿಂದ ಬೇಸ್‌ಮೆಂಟಿನಲ್ಲಿ ನೀರು ಮೆದುಗೊಳಿಸುವ ಯಂತ್ರವಿರುತ್ತದೆ. ಅದಕ್ಕೆ ಆಗಾಗ ಉಪ್ಪಿನ ಚೀಲ ಸುರಿಯಬೇಕು. ಫರ್ನೇಸಿನ ಫಿಲ್ಟರನ್ನು ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ವಿದ್ಯುತ್ ಬಿಲ್ಲಿಗೆ ಇಲ್ಲಿ ‘ಹೈಡ್ರೋ’ ಎನ್ನುತ್ತಾರೆ, ಕೊಡುವುದು ಎನೋವಾ ಪವರ್. ಹೊತ್ತಿಗೊಂದು ದರದ ಯೋಜನೆಯಲ್ಲಿದ್ದರೆ ಸಂಜೆ 7ರ ಮೇಲೆ ಮತ್ತು ಶನಿವಾರ ಭಾನುವಾರ ಅಗ್ಗ, ಬಟ್ಟೆ ಒಗೆಯುವುದನ್ನು ಆಗ ಇಟ್ಟುಕೊಳ್ಳಿ. ಅಡುಗೆಮನೆಯ ಹಸಿ ಕಸದ ಹಸಿರು ಡಬ್ಬಿಯನ್ನು ವಾರವಾರ ಒಯ್ಯುತ್ತಾರೆ. ಉಳಿದ ಕಸವನ್ನು ಎರಡು ವಾರಕ್ಕೊಮ್ಮೆ.

ಹಂತ 7: ಮಗುವಿನ ಬುತ್ತಿ

ಇದು ಸಣ್ಣ ಸಂಗತಿ ಎನ್ನಿಸಬಹುದು. ಹೊಸದಾಗಿ ಬಂದ ತಾಯಂದಿರನ್ನು ದಿನಾ ಬೆಳಗ್ಗೆ ಕಾಡುವುದು ಇದೇ.

ಹೆಚ್ಚಿನ ಪ್ರಾಥಮಿಕ ಶಾಲೆಗಳಲ್ಲಿ ದಿನಕ್ಕೆ ಎರಡು ಬಿಡುವು, ಒಂದೊಂದರಲ್ಲೂ ತಿನ್ನಲು ಸುಮಾರು 20 ನಿಮಿಷ. ಬಿಸಿ ಮಾಡಿಕೊಡುವವರಿಲ್ಲ, ಬಾಯಿಗೆ ಇಡುವವರಿಲ್ಲ. ಆದ್ದರಿಂದ ಬುತ್ತಿ ಎರಡು ಪಾಲಿನದಾಗಿರಲಿ, ಮಗುವಿನ ಬೆರಳಿಗೆ ತೆರೆಯಬಹುದಾದ ಡಬ್ಬಿಯಲ್ಲಿರಲಿ. ಶಾಲೆ ಶುರುವಾಗುವ ಮುಂಚೆ ಮನೆಯಲ್ಲೇ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿಸಿ.

ಶೇಂಗಾ ಮತ್ತು ಗೋಡಂಬಿ, ಬಾದಾಮಿಯಂಥ ಬೀಜಗಳು ಬಹುತೇಕ ಶಾಲೆಗಳಲ್ಲಿ ನಿಷಿದ್ಧ. ಶೇಂಗಾ ಅಲರ್ಜಿ ಇರುವ ಮಗುವಿಗೆ ಒಂದು ಚೂರು ತಾಗಿದರೂ ಉಸಿರು ಕಟ್ಟುವ ಅಪಾಯವಿದೆ. ನಮ್ಮ ಅಡುಗೆಯಲ್ಲಿ ಅದು ಎಲ್ಲೆಲ್ಲಿ ಅಡಗಿದೆ ಎಂದು ಕೂತು ಲೆಕ್ಕ ಹಾಕಿ: ಚಿತ್ರಾನ್ನ, ಪುಳಿಯೋಗರೆ, ಅವಲಕ್ಕಿ ಒಗ್ಗರಣೆ, ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ, ಗೋಡಂಬಿ ಹಾಕಿದ ಉಪ್ಪಿಟ್ಟು ಮತ್ತು ಕೇಸರಿಬಾತ್. ಒಗ್ಗರಣೆಗೆ ಕಡಲೆಬೇಳೆ, ಉದ್ದಿನಬೇಳೆ ಸಾಕು. ಶಾಲೆಯ ದಿನದ ಚಟ್ನಿಪುಡಿಯನ್ನು ಹುರಿಗಡಲೆಯಲ್ಲೋ ಅಗಸೆಯಲ್ಲೋ ಮಾಡಿ, ಅದರ ಚಮಚೆಯನ್ನೂ ಬೇರೆಯೇ ಇಡಿ. ಎಳ್ಳಿನ ಬಗ್ಗೆ ಆಯಾ ತರಗತಿಯ ಶಿಕ್ಷಕರನ್ನು ಕೇಳಿಕೊಳ್ಳಿ. ಇಡ್ಲಿ, ದೋಸೆಯ ಸುರುಳಿ, ಚಪಾತಿ ಬೆಲ್ಲ, ಮೊಸರನ್ನ ಇವೆಲ್ಲ ತಣ್ಣಗಾದರೂ ಮಕ್ಕಳು ತಿನ್ನುತ್ತಾರೆ.

ಹಂತ 8: ಚಳಿಗಾಲಕ್ಕೆ ಅಣಿಯಾಗಿ

ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಡಿಸೆಂಬರಿನಲ್ಲಿ ಸಂಜೆ ಐದರೊಳಗೆ ಕತ್ತಲು. ಅಷ್ಟರಲ್ಲಿ ಮಗುವಿಗೆ ಹಿಮದ ಪ್ಯಾಂಟು, ನೀರು ಇಳಿಯದ ಬೂಟು, ಟೋಪಿ, ಎರಡು ಜೊತೆ ಕೈಗವಸು, ಶಾಲೆಯೊಳಗೆ ಹಾಕಿಕೊಳ್ಳಲು ಬೇರೆ ಬೂಟು ತಂದಿಟ್ಟಿರಿ. ಕೊರೆಯುವ ಚಳಿ ತೀರಾ ಮಿತಿಮೀರದ ಹೊರತು ಬಿಡುವಿನಲ್ಲಿ ಮಕ್ಕಳನ್ನು ಹೊರಗೇ ಬಿಡುತ್ತಾರೆ. ಇದಕ್ಕೆ ಹೆದರಬೇಡಿ. ಮೊದಲು ಪ್ಯಾಂಟು, ಆಮೇಲೆ ಬೂಟು, ಜಾಕೆಟ್ಟು, ಟೋಪಿ, ಕೊನೆಗೆ ಕೈಗವಸು ಎಂಬ ಕ್ರಮವನ್ನು ಮನೆಯಲ್ಲಿ ರೂಢಿ ಮಾಡಿಸಿದರೆ ಮಗು ತಾನೇ ನಿಭಾಯಿಸುತ್ತದೆ.

ಹಿಮ ನಿಂತ 24 ಗಂಟೆಯೊಳಗೆ ಮನೆ ಮುಂದಿನ ಫುಟ್‌ಪಾತನ್ನು ಮನೆಯವರೇ ಬಳಿದು ಚೊಕ್ಕ ಮಾಡಬೇಕು ಎಂಬುದು ನಗರದ ನಿಯಮ. ಬೆಳಗ್ಗೆ ಅಂಗಳ ಗುಡಿಸಿ ನೀರು ಚಿಮುಕಿಸುವ ಹಾಗೆ ಇದನ್ನೂ ಮನೆಯ ನಿತ್ಯಕರ್ಮಕ್ಕೆ ಸೇರಿಸಿಕೊಳ್ಳಿ. ಬಿದ್ದ ಹಿಮ ಹೂವಿನಂತೆ ಹಗುರವಾಗಿರುವಾಗಲೇ ತಳ್ಳಿದರೆ ಸುಲಭ, ರಾತ್ರಿ ಹೆಪ್ಪುಗಟ್ಟಿದರೆ ಸಲಿಕೆಯೂ ಏಳುವುದಿಲ್ಲ. ಮೇಲೆ ಸ್ವಲ್ಪ ಉಪ್ಪು ಉದುರಿಸಿ. ಹಿಮವನ್ನು ರಸ್ತೆಗೆ ತಳ್ಳುವಂತಿಲ್ಲ. ರಸ್ತೆ ಬಳಿಯುವ ಯಂತ್ರ ಹೋದ ಮೇಲೆ ಡ್ರೈವ್‌ವೇ ಬಾಯಿಗೆ ಗಟ್ಟಿ ಹಿಮದ ದಿಬ್ಬ ಬಿದ್ದಿರುತ್ತದೆ, ಅದನ್ನೂ ನೀವೇ ಎತ್ತಬೇಕು. ಬೆನ್ನು ಬಗ್ಗಿಸದೆ ಮಂಡಿ ಮಡಿಸಿ ಎತ್ತಿ. ಹೃದಯದ ತೊಂದರೆ ಇರುವವರು, ಹಿರಿಯರು ಈ ಕೆಲಸಕ್ಕೆ ಕೈ ಹಾಕಲೇಬಾರದು.

ರಾತ್ರಿ 2:30ರಿಂದ ಬೆಳಗ್ಗೆ 6ರವರೆಗೆ ಚಳಿಗಾಲದಲ್ಲಿ ಬೀದಿಯಲ್ಲಿ ಕಾರು ನಿಲ್ಲಿಸುವಂತಿಲ್ಲ. ಹಬ್ಬದ ರಾತ್ರಿ ನೆಂಟರನ್ನು ಉಳಿಸಿಕೊಳ್ಳುವಾಗ ನೆನಪಿರಲಿ. ಹಿಮದ ಟೈರು ಇಲ್ಲಿ ಕಡ್ಡಾಯವಲ್ಲ, ಆದರೂ ಹಾಕಿಸಿ. ತಾಪಮಾನ 7 ಡಿಗ್ರಿಗಿಂತ ಇಳಿದರೆ ಮಾಮೂಲಿ ಟೈರಿನ ರಬ್ಬರು ಗಡಸಾಗಿ ಹಿಡಿತ ಬಿಡುತ್ತದೆ. ಹಾಕಿಸಿದರೆ ವಿಮೆಯಲ್ಲಿ ರಿಯಾಯಿತಿಯೂ ಉಂಟು.

ಹಂತ 9: ನೆರೆಹೊರೆಯ ಬಾಗಿಲು ನೀವೇ ತಟ್ಟಿ

ಹೊಸದಾಗಿ ಬಂದ ನಮ್ಮವರು ಹೇಳುವ ನೋವು ಒಂದೇ: ಯಾರೂ ಮಾತಾಡಿಸುವುದಿಲ್ಲ. ಇಲ್ಲಿಯ ಜನ ಪರರ ಮನೆಯ ವಿಷಯಕ್ಕೆ ತಾವಾಗಿ ಬರುವುದಿಲ್ಲ, ಅದು ಅವರಿಗೆ ಮರ್ಯಾದೆ. ಕರೆದರೆ ಸಂತೋಷದಿಂದ ಬರುತ್ತಾರೆ. ಮನೆ ಸೇರಿದ ಮೊದಲ ವಾರಾಂತ್ಯದಲ್ಲೇ ಅಕ್ಕಪಕ್ಕದ ಎರಡು ಮನೆ, ಎದುರಿನ ಮನೆಯ ಬಾಗಿಲು ತಟ್ಟಿ ಹೆಸರು ಹೇಳಿಕೊಳ್ಳಿ. ಹಿಮ ಬಿದ್ದ ದಿನ ನಿಮ್ಮ ಸಲಿಕೆ ಪಕ್ಕದ ಮುದುಕರ ಫುಟ್‌ಪಾತಿನವರೆಗೂ ಹೋಗಲಿ. ಮುಂದೆ ನೀವು ಊರಿಗೆ ಹೋದಾಗ ಮನೆಯ ಮೇಲೆ ಕಣ್ಣಿಡುವವರು ಅವರೇ.

ಅಕ್ಟೋಬರ್ 31ರ ಹ್ಯಾಲೊವೀನ್ ಸಂಜೆ ಮುಂಬಾಗಿಲ ದೀಪ ಹಚ್ಚಿಟ್ಟು ಮಿಠಾಯಿ ಇಟ್ಟುಕೊಂಡು ಕೂತರೆ ಬೀದಿಯ ಮಕ್ಕಳೆಲ್ಲ ಬರುತ್ತಾರೆ. ಪರಿಚಯಕ್ಕೆ ಇಷ್ಟು ಒಳ್ಳೆಯ ಸಂಜೆ ಇನ್ನೊಂದಿಲ್ಲ. ಚಳಿಗಾಲದಲ್ಲಿ ಪಾರ್ಕುಗಳಲ್ಲಿ ಸ್ಥಳೀಯ ಸ್ವಯಂಸೇವಕರು ನೀರು ಹಾಯಿಸಿ ಸ್ಕೇಟಿಂಗ್ ಅಂಕಣ ಮಾಡುತ್ತಾರೆ. ಪೈಪು ಹಿಡಿಯಲು ನೀವೂ ಹೋಗಿ. ಬೇಸಿಗೆಗೆ ಲಾರೆಲ್ ಕ್ರೀಕ್ ಕೆರೆಯ ದಂಡೆ, ವಾಟರ್‌ಲೂ ಪಾರ್ಕ್. ಹಳೆಯ ರೈಲು ಹಳಿಯ ಜಾಡಿನಲ್ಲಿ ಕಿಚನರ್‌ವರೆಗೆ ಸಾಗುವ ಐರನ್ ಹಾರ್ಸ್ ದಾರಿಯಲ್ಲಿ ಸೈಕಲ್ ಹೊಡೆಯಬಹುದು. ಸೇಂಟ್ ಜೇಕಬ್ಸ್ ಸಂತೆ ಗುರುವಾರ, ಶನಿವಾರ.

ಹಿತ್ತಲಿದ್ದರೆ ಮಣ್ಣು ಮುಟ್ಟಿ. ಮೇ ಉತ್ತರಾರ್ಧದ ವಿಕ್ಟೋರಿಯಾ ದಿನದ ಹೊತ್ತಿಗೆ ಹೆಪ್ಪುಗಟ್ಟುವ ಇಬ್ಬನಿಯ ಕಾಟ ಸಾಮಾನ್ಯವಾಗಿ ಮುಗಿಯುತ್ತದೆ. ಮೆಂತ್ಯ, ಹುರುಳಿಕಾಯಿ, ಬದನೆ, ಮೆಣಸಿನಕಾಯಿ ಚೆನ್ನಾಗಿ ಬರುತ್ತವೆ. ಕರಿಬೇವನ್ನು ಕುಂಡದಲ್ಲಿಟ್ಟು ಸೆಪ್ಟೆಂಬರ್ ಕೊನೆಗೆ ಒಳಗೆ ತನ್ನಿ. ಬೇಲಿಯಾಚೆಗೆ ಚಾಚಿದ ಒಂದು ಹಿಡಿ ಹುರುಳಿಕಾಯಿ ಎಷ್ಟೋ ಮಾತು ಶುರುಮಾಡುತ್ತದೆ.

ಹಂತ 10: ಅಜ್ಜ ಅಜ್ಜಿ ಬರುವ ಮುಂಚೆ

ಸೂಪರ್ ವೀಸಾದಲ್ಲಿ ಅಪ್ಪ ಅಮ್ಮ ಒಂದು ಸಲಕ್ಕೆ ಐದು ವರ್ಷದವರೆಗೂ ಇರಬಹುದು. ಕನಿಷ್ಠ 1,00,000 ಡಾಲರಿನ ಆರೋಗ್ಯ ವಿಮೆ ಬೇಕು. ಮೊದಲ ಸಲ ಬರುವವರನ್ನು ಮೇ ತಿಂಗಳಲ್ಲಿ ಕರೆಸಿಕೊಳ್ಳಿ, ಜನವರಿಯಲ್ಲಿ ಬೇಡ. ಬಂದ ವಾರವೇ ಅವರ ಜೊತೆ ಬಸ್ಸು ಹತ್ತಿ ಲೈಬ್ರರಿಗೆ, ಅಂಗಡಿಗೆ ಹೋಗಿ ಬನ್ನಿ. ಇಳಿಯುವ ನಿಲ್ದಾಣದ ಹೆಸರು, ಮನೆ ವಿಳಾಸ, ನಿಮ್ಮ ಫೋನ್ ನಂಬರನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿ ಅವರ ಜೇಬಿನಲ್ಲಿರಲಿ. ಎರಡನೇ ವಾರ ಅವರಿಬ್ಬರನ್ನೇ ಕಳಿಸಿ. ಮೊಮ್ಮಗುವನ್ನು ಶಾಲೆಯಿಂದ ನಡೆಸಿಕೊಂಡು ಬರುವ ಕೆಲಸ ಅವರದಾದರೆ ಅವರಿಗೂ ಆ ಬೀದಿ ತಮ್ಮದೆನಿಸುತ್ತದೆ. ಶಾಲೆಯ ಕಚೇರಿಯಲ್ಲಿ ಅವರ ಹೆಸರನ್ನು ಮೊದಲೇ ಬರೆಸಿಡಿ.

ಹಂತ 11: ಮಕ್ಕಳ ಕನ್ನಡ

ಎರಡು ವರ್ಷದಲ್ಲಿ ಮಗು ಅಜ್ಜಿಯ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರಿಸತೊಡಗುತ್ತದೆ. ಮನೆಯಲ್ಲಿ ಕನ್ನಡವೇ ಆಡಿ. ಅದರ ಜೊತೆಗೆ ಇನ್ನೊಂದು ದಾರಿಯಿದೆ, ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಒಂಟಾರಿಯೊದಲ್ಲಿ ಅಂತರರಾಷ್ಟ್ರೀಯ ಭಾಷೆಗಳ ಕಾರ್ಯಕ್ರಮವೆಂಬುದುಂಟು. ಕನಿಷ್ಠ 25 ಮಕ್ಕಳ ಪರವಾಗಿ ವಿಧಿಪೂರ್ವಕ ಕೋರಿಕೆ ಬಂದರೆ ಶಾಲಾ ಬೋರ್ಡು ಆ ಭಾಷೆಯ ತರಗತಿಯನ್ನು ಶಾಲಾ ಸಮಯದ ಹೊರಗೆ ನಡೆಸಬೇಕು. ಮಕ್ಕಳು ಒಂದೇ ತರಗತಿಯವರಾಗಿರಬೇಕೆಂದಿಲ್ಲ, ಒಂದೇ ಶಾಲೆಯವರಾಗಿರಬೇಕೆಂದಿಲ್ಲ. ಲಾರೆಲ್‌ವುಡ್‌ನಿಂದ ಡೂನ್‌ವರೆಗೆ ಚದುರಿರುವ ಕನ್ನಡ ಮನೆಗಳನ್ನು ಯಾರಾದರೂ ಒಬ್ಬರು ಕೂಡಿಸಬೇಕು. ನೀವು ಈ ಊರಿಗೆ ಹೊಸಬರಾದರೂ ಪರವಾಗಿಲ್ಲ, ಆ ಪಟ್ಟಿಯನ್ನು ನೀವೇ ಶುರು ಮಾಡಿ, ಮೊದಲ ಹೆಸರು ನಿಮ್ಮ ಮಗುವಿನದೇ ಬರೆಯಿರಿ.